ಬಾಗಿಲಿಗೊಂದು ಕಾಫಿ ಹೂವಿನ ಸಿಂಬೆ

ನಮ್ಮ ಮನೆ ಇರುವುದು ಚಿಕ್ಕಮಗಳೂರು ಪೇಟೆಯ ಅಂಚಿನಲ್ಲಿ. ಮುಂಬಾಗಿಲು ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರು ಗಂಟೆಯಿಂದ ಹೊತ್ತು ಮುಳುಗುವವರೆಗೆ ಬಿಸಿಲು ನೇರ ಬಾಗಿಲಿಗೇ ಬಡಿಯುತ್ತದೆ. ಜೂನ್ ಬಂತೆಂದರೆ ಅದೇ ದಿಕ್ಕಿನಿಂದ ಮಳೆಯ ಎರಚಲು. ಇಂಥ ಬಾಗಿಲಿಗೆ ಹೋದ ವರ್ಷ ಕೃತಕ ಹೂವಿನ ಒಂದು ಅಲಂಕಾರ ಮಾಡಿ ಹಾಕಿದ್ದೆ. ನಾಲ್ಕು ತಿಂಗಳಲ್ಲಿ ಹಾಳಾಯಿತು. ಈ ವರ್ಷ ಮತ್ತೆ ಮಾಡಿದೆ. ಮಲೆನಾಡಿನ ಹವೆಯಲ್ಲಿ ಇಂಥದ್ದನ್ನು ಮಾಡಬೇಕು ಅನ್ನುವವರಿಗೆ ನನ್ನ ಅಳತೆ, ಲೆಕ್ಕ ಉಪಯೋಗಕ್ಕೆ ಬರಲಿ ಅಂತ ಎರಡನ್ನೂ ಬರೆದಿಡುತ್ತಿದ್ದೇನೆ.

ಮೊದಲು ಇದನ್ನು ನೋಡಿದ್ದು ಒಂದು ಕ್ರಿಸ್‌ಮಸ್‌ನಲ್ಲಿ, ಸ್ನೇಹಿತೆಯ ಮನೆ ಬಾಗಿಲಲ್ಲಿ. ಹಸಿರೆಲೆ, ಕೆಂಪು ಹಣ್ಣು, ದುಂಡಗೆ ಬಳೆಯ ಹಾಗೆ. ಡೋರ್ ರೀತ್ ಅಂತ ಅದರ ಹೆಸರು. ಯುರೋಪಿನ ಕಡೆ ಚಳಿಗಾಲದಲ್ಲೂ ಎಲೆ ಉದುರದ ಮರಗಳ ಕೊಂಬೆ ಬಾಗಿಸಿ ಕಟ್ಟುತ್ತಾರೆ. ಈಗೀಗ ವಸಂತಕ್ಕೆ ಒಂದು, ಸುಗ್ಗಿಗೆ ಒಂದು ಅಂತ ಕಾಲ ನೋಡಿ ಬದಲಾಯಿಸುವವರೂ ಇದ್ದಾರಂತೆ. ಆ ಮಾತು ನನಗೆ ಹಿಡಿಸಿತು. ನಮಗೂ ನಮ್ಮ ಕಾಲಗಳಿವೆ ಅಲ್ವಾ? ಮಾರ್ಚ್ ಹೊತ್ತಿಗೆ ಕಾಫಿ ಹೂವು, ಮಳೆ ಹಿಡಿಯುವಾಗ ಸೀತಾಳೆ ದಂಡೆ (ಮರದ ಮೇಲೆ ಬಿಡುವ ಆರ್ಕಿಡ್ ಹೂವು), ದೀಪಾವಳಿಗೆ ಚೆಂಡುಹೂವು, ಡಿಸೆಂಬರ್‌ನಲ್ಲಿ ಕೆಂಪಗೆ ಕಾಫಿ ಹಣ್ಣು.

ಇನ್ನು ಆಕಾರ. ಅದನ್ನು ನೋಡಿದ ಕೂಡಲೇ ನೆನಪಾಗಿದ್ದು ಅಜ್ಜಿ ಮನೆಯ ಸಿಂಬೆ. ದುಂಡು ತಳದ ಮಡಕೆ ಉರುಳದ ಹಾಗೆ ಅಡಿಗೆ ಇಡುತ್ತಿದ್ದ ಹುಲ್ಲಿನ ಬಳೆ. ಕೊಡ ಹೊರುವಾಗ ಬಟ್ಟೆ ಸುತ್ತಿ ತಲೆ ಮೇಲೆ ಇಟ್ಟುಕೊಳ್ಳುವುದೂ ಸಿಂಬೆಯೇ. ಹಾಗಾಗಿ ನಮ್ಮ ಮನೆಯಲ್ಲಿ ಇದಕ್ಕೂ ಸಿಂಬೆ ಅಂತಲೇ ಹೆಸರಾಯಿತು. ಇಲ್ಲೂ ಹಾಗೇ ಕರೆಯುತ್ತೇನೆ.

ಹೋದ ವರ್ಷದ್ದು

ಹೋದ ವರ್ಷ ಯುಗಾದಿಗೆ ಮಾಡಿದ್ದು ನಿಜವಾದ ಹುಲ್ಲಿನ ಸಿಂಬೆ. ಅಮ್ಮನೇ ಹೇಳಿಕೊಟ್ಟರು. ಭತ್ತದ ಹುಲ್ಲಿಗೆ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟರೆ ಮುರಿಯದೆ ಬಾಗುತ್ತದೆ. ಹಿಡಿ ಹಿಡಿಯಾಗಿ ಹೊಸೆಯುತ್ತಾ, ಪ್ರತಿ ಹಿಡಿಯ ಬುಡವನ್ನು ಹಿಂದಿನ ಹಿಡಿಯ ತುದಿಯೊಳಗೆ ಸೇರಿಸುತ್ತಾ ಹೋಗಬೇಕು. ಮೇಲೆ ಹುರಿ ಸುತ್ತಬೇಕು. ಬಹಳ ಚೆಂದ ಬಂದಿತ್ತು. ಅದರ ಮೇಲೆ ಗುಲಾಬಿ, ಸೇವಂತಿಗೆ, ಇನ್ನೂ ಏನೇನೋ ಬಣ್ಣದ ಬಟ್ಟೆ ಹೂವುಗಳನ್ನು ಗ್ಲೂ ಗನ್ನಿನಿಂದ ಅಂಟಿಸಿದೆ.

ಮೊದಲ ಪೆಟ್ಟು ಆವತ್ತೇ ಬಿತ್ತು. ನಮ್ಮಲ್ಲಿ ಮರದ ಬಾಗಿಲಿನ ಹೊರಗೆ ಸೊಳ್ಳೆ ಜಾಲರಿಯ ಇನ್ನೊಂದು ಬಾಗಿಲಿದೆ. ಎರಡರ ನಡುವೆ ಜಾಗ ಮೂರೂಕಾಲು ಇಂಚು. ಸಿಂಬೆಯ ದಪ್ಪ ಹೂವು ಸೇರಿ ಐದು ಇಂಚು. ಜಾಲರಿ ಬಾಗಿಲು ಹಾಕಿದ ತಕ್ಷಣ ಗುಲಾಬಿಗಳೆಲ್ಲ ಚಪ್ಪಟೆ. ಅಳೆಯದೆ ಮಾಡಿದ್ದೇ ತಪ್ಪು. ಈಗ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಹೂವು ಕೊಳ್ಳುವ ಮುಂಚೆ ಎರಡು ಬಾಗಿಲ ನಡುವಿನ ಜಾಗ ಅಳೆಯಿರಿ.

ಆಮೇಲೆ ಏಪ್ರಿಲ್ ಬಿಸಿಲು. ಗ್ಲೂ ಗನ್ನಿನ ಅಂಟು ಬಿಸಿಯಲ್ಲಿ ಕರಗುವ ಜಾತಿಯದು, ಅದಕ್ಕೇ ಅದು ಗನ್ನಿನಿಂದ ಹರಿದು ಬರುತ್ತದೆ. ಪಶ್ಚಿಮದ ಬಿಸಿಲಿಗೆ ಅದು ಮತ್ತೆ ಮೆತ್ತಗಾಯಿತು. ಭಾರದ ಹೂವುಗಳು ಒಂದೊಂದಾಗಿ ಜಾರಿ ಜಾಲರಿಗೆ ಒರಗಿ ನಿಂತವು. ನೇರಳೆ ಬಣ್ಣದ್ದು ಬಿಳಿಚಿಕೊಂಡಿತು. ಜುಲೈನಲ್ಲಿ ಹುಲ್ಲಿನೊಳಗೆ ಬೂಷ್ಟು ಹಿಡಿಯಿತು. ಹೂವಿನ ಕಡ್ಡಿಗಳ ಒಳಗೆ ಕಬ್ಬಿಣದ ತಂತಿ ಇರುತ್ತದೆ. ಕತ್ತರಿಸಿದ ಕಡೆ ಅದು ತುಕ್ಕು ಹಿಡಿದು ಬಾಗಿಲ ಪಾಲಿಶ್ ಮೇಲೆ ಕಂದು ಗೆರೆ ಎಳೆಯಿತು. ಬಿಚ್ಚಿ ತೆಗೆದೆ. ಬೇಜಾರಾಯಿತು, ಆದರೆ ಬಿಚ್ಚುವಾಗ ಪ್ರತಿಯೊಂದು ಎಲ್ಲಿ ಸೋತಿತು ಅಂತ ನೋಡಿ ನೋಡಿ ಬರೆದಿಟ್ಟುಕೊಂಡೆ. ಈ ಸಲ ಆ ಹಾಳೆಯೇ ನನ್ನ ನಕ್ಷೆ.

ಹೂವು ನೋಡಿದ್ದು

ಈ ವರ್ಷ ಏನೇನೋ ಹೂವು ಬೇಡ, ಒಂದೇ ಹೂವು, ಅದೂ ನಮ್ಮ ಊರಿನದೇ ಅಂತ ನಿರ್ಧಾರ ಮಾಡಿದೆ. ಆಲ್ದೂರಿನ ಕಡೆ ಚಿಕ್ಕಮ್ಮನ ಮನೆಗೆ ಸಣ್ಣ ಕಾಫಿ ತೋಟವಿದೆ. ಅರೇಬಿಕಾ ಜಾಸ್ತಿ, ಅಂಚಿನಲ್ಲಿ ಸ್ವಲ್ಪ ರೋಬಸ್ಟಾ. ಮಾರ್ಚ್ ಮೊದಲ ವಾರ ಹೂಮಳೆ ಬಂತು. ಚಿಕ್ಕಪ್ಪ ಮಳೆಮಾಪಕ ನೋಡಿ ಫೋನಿನಲ್ಲಿ ಹೇಳಿದ್ದು, "ಒಂದು ಇಂಚು ಹತ್ತು ಸೆಂಟು." ತೋಟದವರ ಲೆಕ್ಕವೇ ಹಾಗೆ, ಒಂದು ಇಂಚಿಗೆ ನೂರು ಸೆಂಟು. ಅವರ ದನಿಯಲ್ಲೇ ಸಮಾಧಾನ ಕೇಳಿಸುತ್ತಿತ್ತು. ಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ಹೂವು ಬಿಡುತ್ತದೆ. ನಾನು ಹತ್ತನೇ ದಿನ ಹೊರಟೆ.

ಅರಳಿದ ಕಾಫಿ ತೋಟ ನೋಡದವರಿಗೆ ಹೇಗೆ ಹೇಳಲಿ? ಗಿಡದ ಹಸಿರೇ ಕಾಣುವುದಿಲ್ಲ. ಪ್ರತಿ ರೆಕ್ಕೆಯ ಮೇಲೂ, ಅಂದರೆ ಅಡ್ಡಕ್ಕೆ ಚಾಚಿದ ಕೊಂಬೆಯ ಮೇಲೂ, ಬಿಳಿ ಸಾಲು. ಮಲ್ಲಿಗೆಗೆ ಹತ್ತಿರದ ಪರಿಮಳ, ಜೇನುನೊಣಗಳ ಸದ್ದು. ಮೂರು ನಾಲ್ಕು ದಿನ ಅಷ್ಟೇ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಅಷ್ಟು ಬೇಗ ಹೋಗಿಬಿಡುವುದನ್ನು ಇನ್ನಷ್ಟು ದಿನ ಕಣ್ಣ ಮುಂದೆ ಇಟ್ಟುಕೊಳ್ಳಬೇಕು ಅನ್ನುವುದೇ ನನ್ನ ಆಸೆ.

ನೋಡಿ ಮಾಡಲು ಒಂದು ರೆಕ್ಕೆ ಮುರಿದುಕೊಳ್ಳಲೇ ಅಂತ ಕೇಳಿದೆ. ಚಿಕ್ಕಮ್ಮ ಬೇಡ ಅಂದರು. ಒಂದೊಂದು ಹೂವೂ ಮುಂದಿನ ಒಂದೊಂದು ಹಣ್ಣು, ಸರಿಯಾದ ಮಾತೇ. ಹಾಗಾಗಿ ಗಿಡದ ಪಕ್ಕವೇ ಕೂತು ಚಿತ್ರ ಬರೆದುಕೊಂಡೆ, ಸ್ಕೇಲ್ ಹಿಡಿದು ಫೋಟೋ ತೆಗೆದೆ. ಹಾಗೆ ಕೂತು ನೋಡಿದ್ದೇ ಒಳ್ಳೆಯದಾಯಿತು. ಎಷ್ಟೋ ವರ್ಷದಿಂದ ಕಂಡ ಹೂವು, ಆದರೆ ಇಷ್ಟು ಸಂಗತಿ ಗಮನಿಸಿರಲಿಲ್ಲ.

ಎಲೆಗಳು ಜೋಡಿ ಜೋಡಿ, ಎದುರು ಬದುರು. ರೆಕ್ಕೆಯ ಮೇಲೆ ಎಲ್ಲ ಜೋಡಿಗಳೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಎಲೆ ಮಿರುಗುತ್ತದೆ, ಅಂಚು ಅಲೆ ಅಲೆ, ತುದಿ ಚೂಪು. ಹೂವು ರೆಕ್ಕೆಯ ತುದಿಯಲ್ಲಿ ಬರುವುದಿಲ್ಲ. ಎಲೆಯ ಬುಡದಲ್ಲಿ, ಗಿಣ್ಣಿನಲ್ಲಿ, ಗೊಂಚಲಾಗಿ ಬರುತ್ತದೆ. ಎರಡು ಗಿಣ್ಣಿನ ನಡುವೆ ಬರೀ ಕಡ್ಡಿ. ಅರೇಬಿಕಾ ಹೂವಿಗೆ ಐದು ಎಸಳು, ಕಿರಿದಾಗಿ, ಹಿಂದಕ್ಕೆ ಬಾಗಿರುತ್ತವೆ. ಅರಳದ ಮೊಗ್ಗು ಸಣ್ಣ ಮೇಣದ ಬತ್ತಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಗಿಣ್ಣು, ಖಾಲಿ ಜಾಗ, ಮತ್ತೆ ಗಿಣ್ಣು. ಈ ತಾಳ ಬಂದರೆ ಯಾವ ಬಿಳಿ ಹೂವು ಹಾಕಿದರೂ ಕಾಫಿಯಂತೆ ಕಾಣುತ್ತದೆ. ತಾಳ ತಪ್ಪಿದರೆ ಎಷ್ಟು ದುಬಾರಿ ಹೂವು ತಂದರೂ ಅದು ಬರೀ ಬಿಳಿ ಹೂವಿನ ಗೊಂಚಲು.

ಸಾಮಾನು

ಕಾಫಿ ಹೂವು ಅಂತ ಅಂಗಡಿಯಲ್ಲಿ ಸಿಗುವುದಿಲ್ಲ. ಮಾರ್ಕೆಟ್ ರಸ್ತೆಯ ಫ್ಯಾನ್ಸಿ ಅಂಗಡಿಗಳಲ್ಲಿ ಹುಡುಕಿ ಸಣ್ಣ ಐದು ಎಸಳಿನ ಬಿಳಿ ಬಟ್ಟೆ ಹೂವಿನ ಕಟ್ಟು ಆರಿಸಿಕೊಂಡೆ. ಒಂದು ಕಟ್ಟಿನಲ್ಲಿ ಸುಮಾರು 25 ಹೂವು, 80 ರೂಪಾಯಿ. ಆರು ಕಟ್ಟು ತಂದೆ. ಎಲೆಗೆ ಫೈಕಸ್ ಎಲೆಯ ಬಳ್ಳಿ ಎರಡು, 180. ಮೊಗ್ಗಿಗೆ ಭರತನಾಟ್ಯದ ಮಕ್ಕಳು ಮುಡಿಗೆ ಕಟ್ಟುವ ಕೃತಕ ಮಲ್ಲಿಗೆ ದಂಡೆ ಒಂದು, 60. ಸಣ್ಣ ತಂತಿ ಮತ್ತು ಹೂವಿನ ಹಸಿರು ಟೇಪ್ ಸೇರಿ 110.

ಹೂವು ಕೊಳ್ಳುವಾಗ ಎರಡು ಪರೀಕ್ಷೆ ಮಾಡುತ್ತೇನೆ. ಒಂದು, ಎಸಳನ್ನು ಮೆಲ್ಲಗೆ ಎಳೆದು ನೋಡುವುದು. ಬಟ್ಟೆ ಹೂವುಗಳಲ್ಲಿ ಎಸಳಿನ ಸುತ್ತು ನಡುವಿನ ಪ್ಲಾಸ್ಟಿಕ್ ಗೂಟಕ್ಕೆ ಸುಮ್ನೆ ಸಿಕ್ಕಿಸಿರುತ್ತಾರೆ, ಅಂಟು ಇರುವುದಿಲ್ಲ. ಸಡಿಲ ಇದ್ದರೆ ಗಾಳಿಗೆ ಹಾರಿಹೋಗುತ್ತದೆ. ಎರಡು, ಅಂಚು. ಚೆನ್ನಾಗಿ ಕತ್ತರಿಸಿದ ಪಾಲಿಯೆಸ್ಟರ್ ಅಂಚಿನಲ್ಲಿ ನೂಲು ಬಿಚ್ಚಿಕೊಂಡಿರುವುದಿಲ್ಲ. ನೂಲು ಕಾಣುತ್ತಿದ್ದರೆ ನಾನು ತೆಗೆದುಕೊಳ್ಳುವುದಿಲ್ಲ.

ಬುಡಕ್ಕೆ ಏನು ಹಾಕುವುದು ಅನ್ನುವುದೇ ದೊಡ್ಡ ಯೋಚನೆಯಾಗಿತ್ತು. ಹುಲ್ಲು ಸಾಧ್ಯವಿಲ್ಲ. ತೋಟದಲ್ಲಿ ಕಂಬಚಿಗುರು (ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರು) ತೆಗೆದಿದ್ದು ರಾಶಿ ಬಿದ್ದಿತ್ತು. ಹಸಿಯಾಗಿರುವಾಗ ಚೆನ್ನಾಗಿ ಬಾಗುತ್ತದೆ, ಆದರೆ ಸರಿಯಾಗಿ ಒಣಗಿಸದಿದ್ದರೆ ಅದಕ್ಕೂ ಬೂಷ್ಟು ಬರುತ್ತದೆ. ಕಡೆಗೆ ಉತ್ತರ ಸಿಕ್ಕಿದ್ದು ನಮ್ಮದೇ ತಾರಸಿಯ ಮೇಲೆ. ಸೋಲಾರ್ ನೀರಿನ ಬಿಸಿ ಪೈಪಿಗೆ ಹಾಕಿರುವ ಕಪ್ಪು ಫೋಮಿನ ಕೊಳವೆ! ಬಿಸಿಲು, ಮಳೆ ಎರಡನ್ನೂ ತಿಂದು ವರ್ಷಗಟ್ಟಲೆ ಅಲ್ಲೇ ಇದೆ. ನೀರು ಕುಡಿಯುವುದಿಲ್ಲ. ತಂತಿ ಚುಚ್ಚಿದರೆ ಹಿಡಿದುಕೊಳ್ಳುತ್ತದೆ. ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಎರಡು ಮೀಟರಿನ ಉದ್ದಕ್ಕೆ 120 ರೂಪಾಯಿ. ಹೊರಗಿನ ದಪ್ಪ ಒಂದೂವರೆ ಇಂಚಿನದನ್ನು ತಂದೆ.

ಕಪ್ಪು ಫೋಮು ಹಾಗೇ ಕಂಡರೆ ಚೆನ್ನಾಗಿರದು. ಮೇಲೆ ಸುತ್ತಲು ತೆಂಗಿನ ನಾರಿನ ಹುರಿ, 6 ಮಿಲಿಮೀಟರ್ ದಪ್ಪದ್ದು. ತೆಂಗಿನ ನಾರಿಗೆ ತೇವದ ಭಯ ಕಡಿಮೆ. ಹಿಂದೆ ಬಾವಿಯ ಹಗ್ಗಗಳೂ ಅದರದ್ದೇ ಇರುತ್ತಿದ್ದವಲ್ಲ. ಹುರಿಯ ಬಣ್ಣವೂ ಕಾಫಿ ಕಡ್ಡಿಯ ಬಣ್ಣಕ್ಕೆ ಹೊಂದುತ್ತದೆ.

ಬುಡ ಕಟ್ಟಿದ್ದು

ಬಾಗಿಲ ಅಗಲ 38 ಇಂಚು. ಸಿಂಬೆ ಬಾಗಿಲ ಅಗಲದ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಇದ್ದರೆ ಕಣ್ಣಿಗೆ ಹಿತ. ಬಳೆಯ ನಡುವಿನ ವ್ಯಾಸ 16 ಇಂಚು ಇಟ್ಟೆ. ಎಲೆ ಸೇರಿ ಮುಗಿದಾಗ 21 ಇಂಚು ಬಂತು. ಹಳೆಯ ಮನೆಗಳ ಹಾಗೆ ಎರಡು ರೆಕ್ಕೆಯ ಬಾಗಿಲಾಗಿದ್ದರೆ ಈ ಅಳತೆ ನಡೆಯುವುದಿಲ್ಲ. ಅಲ್ಲಿ ರೆಕ್ಕೆಗೊಂದರಂತೆ 10 ಇಂಚಿನ ಎರಡು ಮಾಡಬೇಕಾಗುತ್ತದೆ.

16 ಇಂಚಿನ ವ್ಯಾಸಕ್ಕೆ ಸುತ್ತಳತೆ 50 ಇಂಚು. 8 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಅಂದರೆ 4 ಮಿಲಿಮೀಟರ್ ದಪ್ಪದ್ದು, ಎರಡು ಸುತ್ತು ಬರುವಷ್ಟು, ಒಂಬತ್ತು ಅಡಿ ಕತ್ತರಿಸಿದೆ. ಬಕೆಟ್ಟಿನ ಸುತ್ತ ಬಾಗಿಸಿ, ತುದಿಗಳನ್ನು ನಾಲ್ಕು ಇಂಚು ಒಂದರ ಮೇಲೊಂದು ಇಟ್ಟು ಬೈಂಡಿಂಗ್ ತಂತಿಯಲ್ಲಿ ಬಿಗಿದೆ. ಒಂದೇ ಸುತ್ತು ಹಾಕಿದರೆ ನೇತು ಹಾಕಿದಾಗ ಬಳೆ ಮೊಟ್ಟೆಯ ಆಕಾರಕ್ಕೆ ಎಳೆಯುತ್ತದೆ. ಎರಡು ಸುತ್ತಿಗೆ ಅಲುಗಲಿಲ್ಲ.

ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ತಂತಿಯ ಮೇಲೆ ಹೊದಿಸಿದೆ. ಒಳಗಿನ ತೂತು ದೊಡ್ಡದಾಗಿ ತಂತಿ ಗಡಗಡ ಅನ್ನುತ್ತಿತ್ತು. ಉಳಿದ ಫೋಮನ್ನೇ ಪಟ್ಟಿ ಮಾಡಿ ತುಂಬಿದ ಮೇಲೆ ಗಟ್ಟಿಯಾಯಿತು. ಸೀಳನ್ನು ಬಳೆಯ ಹಿಂಬದಿಗೆ ತಿರುಗಿಸಿ ಟೇಪ್ ಹಾಕಿದೆ. ಒಳ ಅಂಚಿನಲ್ಲಿ ಫೋಮು ಸ್ವಲ್ಪ ಸುಕ್ಕಾಗುತ್ತದೆ. ಹುರಿಯ ಕೆಳಗೆ ಹೋಗುವುದರಿಂದ ಚಿಂತೆ ಇಲ್ಲ.

ಹುರಿ ಎಷ್ಟು ಬೇಕು? ಅಂಗಡಿಯವರು ಹತ್ತು ಮೀಟರ್ ಸಾಕು ಅಂದರು. ನಾನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಒಳ ಅಂಚು ಸುಮಾರು 1160 ಮಿಲಿಮೀಟರ್. ಅದನ್ನು ಹುರಿಯ ದಪ್ಪ 6ರಿಂದ ಭಾಗಿಸಿದರೆ 193 ಸುತ್ತು. ಒಂದು ಸುತ್ತಿಗೆ ಹತ್ತಿರ ಹತ್ತಿರ 140 ಮಿಲಿಮೀಟರ್ ಹುರಿ. ಅಲ್ಲಿಗೆ 27 ಮೀಟರ್. ಮೂವತ್ತು ಮೀಟರ್ ತಂದೆ, 90 ರೂಪಾಯಿ. ಕಡೆಯಲ್ಲಿ ಉಳಿದಿದ್ದು ಎರಡೂವರೆ ಮೀಟರ್.

ಸುತ್ತುವುದು ಒಂದು ಇಡೀ ಮಧ್ಯಾಹ್ನದ ಕೆಲಸ. ಮೂವತ್ತು ಮೀಟರನ್ನು ಬಳೆಯೊಳಗೆ ಪ್ರತಿ ಸಲ ತೂರಿಸಲು ಆಗುವುದಿಲ್ಲ. ಐದೈದು ಮೀಟರ್ ಕತ್ತರಿಸಿ, ಒಂದು ಮರದ ತುಂಡಿಗೆ ಸುತ್ತಿಕೊಂಡು, ನೇಕಾರರ ಲಾಳಿಯ ಹಾಗೆ ಒಳಗೆ ಹೊರಗೆ ಆಡಿಸಿದೆ. ಪ್ರತಿ ತುಂಡಿನ ತುದಿಯನ್ನು ಹಿಂದಿನ ಐದು ಸುತ್ತಿನ ಕೆಳಗೆ ಸೇರಿಸಿ ಎಳೆದರೆ ಅಂಟೇ ಬೇಡ. ನಾರು ಕೈ ಕೊಯ್ಯುತ್ತದೆ, ಹಳೆಯ ಬಟ್ಟೆ ಸುತ್ತಿಕೊಳ್ಳಿ. ಮುಗಿದಾಗ ಅಮ್ಮ ಅದನ್ನು ಎತ್ತಿ ತಿರುಗಿಸಿ ನೋಡಿ, ಅದರ ಮೇಲೆ ಒಂದು ಮಡಕೆ ಇಟ್ಟು ನೋಡಿದರು. ಮಡಕೆ ಅಲುಗದೆ ಕೂತಿತು.

ರೆಕ್ಕೆ ಕಟ್ಟಿದ್ದು

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ನಾಲ್ಕು ಸಂಜೆ ಹಿಡಿಯಿತು.

ಅಂಗಡಿಯಲ್ಲಿ ಒತ್ತಿ ಇಟ್ಟಿದ್ದರಿಂದ ಹೂವೆಲ್ಲ ಮುದುಡಿದ್ದವು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಇಕ್ಕಳದಲ್ಲಿ ಹಿಡಿದು ಹಬೆಗೆ ಹದಿನೈದು ಇಪ್ಪತ್ತು ಸೆಕೆಂಡ್ ಹಿಡಿದೆ. ಪಾಲಿಯೆಸ್ಟರ್ ಬಿಸಿಗೆ ಮೆತ್ತಗಾಗುತ್ತದೆ, ತಣ್ಣಗಾಗುವಾಗ ಯಾವ ಆಕಾರದಲ್ಲಿದೆಯೋ ಅದನ್ನೇ ಹಿಡಿದುಕೊಳ್ಳುತ್ತದೆ. ಆ ಎರಡು ಕ್ಷಣದಲ್ಲಿ ಎಸಳುಗಳನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿದೆ. ಅಷ್ಟಕ್ಕೇ ಅರ್ಧ ಕಾಫಿ ಹೂವಾಯಿತು. ಎಲೆಯ ಅಂಚಿಗೂ ಹೀಗೇ, ಹಬೆಗೆ ಹಿಡಿದು ಉಗುರಿನಿಂದ ಚಿವುಟಿ ಅಲೆ ಮಾಡಿದೆ.

ಬಣ್ಣದಲ್ಲಿ ಒಂದು ತೊಂದರೆ. ಕೃತಕ ಬಿಳಿಗೆ ನೀಲಿ ಛಾಯೆ ಜಾಸ್ತಿ. ಕಾಫಿ ಡಿಕಾಕ್ಷನ್ನನ್ನು ತೆಳ್ಳಗೆ ಮಾಡಿ ಅದರಲ್ಲಿ ಅದ್ದಿ ನೋಡಿದೆ. ಹತ್ತಿ ಬಟ್ಟೆಯಾಗಿದ್ದರೆ ಹಿಡಿಯುತ್ತಿತ್ತು, ಪಾಲಿಯೆಸ್ಟರ್ ಹಿಡಿಯಲಿಲ್ಲ, ತೊಳೆದರೆ ಹೋಯಿತು. ಕಡೆಗೆ ಅಕ್ರಿಲಿಕ್ ಬಣ್ಣದಲ್ಲಿ ಹಸಿರಿಗೆ ಒಂದು ಹನಿ ಹಳದಿ ಬೆರೆಸಿ, ಬಹಳ ನೀರಾಗಿ ಮಾಡಿ, ಹೂವಿನ ಬುಡಕ್ಕೂ ಮೊಗ್ಗಿನ ಬುಡಕ್ಕೂ ಬ್ರಷ್ಷಿನ ತುದಿಯಿಂದ ಮುಟ್ಟಿಸಿದೆ. ನೀಲಿ ಮರೆಯಾಯಿತು.

ಒಂದು ಗೊಂಚಲಿಗೆ ಒಂಬತ್ತು ಹೂವು, ಮೂರು ಮೊಗ್ಗು. ಹೂವನ್ನು ಕಟ್ಟಿನಿಂದ ಬಿಡಿಸಿ, ಕಾಂಡ ಒಂದು ಇಂಚು ಉಳಿಸಿ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದೆ. ಕತ್ತರಿ ಹಾಕಬೇಡಿ, ಒಳಗಿನ ತಂತಿಗೆ ಅದರ ಅಲಗು ಹಾಳಾಗುತ್ತದೆ. ಎಲ್ಲ ಕಾಂಡ ಸೇರಿಸಿ ಸಣ್ಣ ತಂತಿ ಸುತ್ತಿ, ಮೇಲೆ ಹಸಿರು ಟೇಪ್. ಈ ಟೇಪಿನ ಗುಟ್ಟು ನನಗೆ ಮೊದಲು ಗೊತ್ತಿರಲಿಲ್ಲ. ಅದರಲ್ಲಿ ಅಂಟು ಇಲ್ಲ, ಮೇಣ ಇದೆ. ಎಳೆದಾಗ ಮಾತ್ರ ಮೇಣ ಹೊರಬಂದು ತನ್ನ ಮೇಲೇ ಹಿಡಿದುಕೊಳ್ಳುತ್ತದೆ. ಸುಮ್ನೆ ಸುತ್ತಿದರೆ ಬಿಚ್ಚಿಕೊಂಡು ಬರುತ್ತದೆ, ಎಳೆದು ಎಳೆದು ಸುತ್ತಿದರೆ ಕೂತುಬಿಡುತ್ತದೆ. ಕತ್ತರಿಸಿದ ತಂತಿಯ ತುದಿಯೂ ಟೇಪಿನೊಳಗೆ ಪೂರ್ತಿ ಮುಚ್ಚಿಹೋಗಬೇಕು. ತುಕ್ಕಿಗೆ ದಾರಿ ಮಾಡುವುದು ಆ ತುದಿಯೇ.

ರೆಕ್ಕೆಗೆ ಒಂದೊಂದು ದಪ್ಪ ತಂತಿ. ತುದಿಯಿಂದ ಶುರು. ಮೊದಲು ಒಂದು ಜೋಡಿ ಎಳೆಯ ಎಲೆ, ಅದಕ್ಕೆ ಹೂವಿಲ್ಲ. ಎರಡು ಇಂಚು ಬರೀ ಟೇಪ್ ಸುತ್ತಿದ ಕಡ್ಡಿ. ಆಮೇಲೆ ಎಲೆ ಜೋಡಿ, ಅದರ ಬುಡದಲ್ಲಿ ಗೊಂಚಲು. ಮತ್ತೆ ಕಡ್ಡಿ. ಹೀಗೆ ಎರಡು ರೆಕ್ಕೆಗೆ ನಾಲ್ಕು ಗಿಣ್ಣು, ಎರಡಕ್ಕೆ ಮೂರು. ಒಟ್ಟು 14 ಗಿಣ್ಣು, 126 ಹೂವು, 42 ಮೊಗ್ಗು, 36 ಎಲೆ. ಕೊನೆಯಲ್ಲಿ ಎರಡು ಇಂಚು ತಂತಿ ಬಾಲದ ಹಾಗೆ ಬಿಟ್ಟೆ.

ಅಮ್ಮ ಹೇಳಿದ್ದು

ನನ್ನ ಲೆಕ್ಕದಲ್ಲಿ ಎಂಟು ರೆಕ್ಕೆ ಮಾಡಿ ಬಳೆಯನ್ನು ಪೂರ್ತಿ ತುಂಬಿಸಬೇಕಿತ್ತು. ನಾಲ್ಕಾದ ಮೇಲೆ ಹೇಗೆ ಕಾಣುತ್ತದೆ ನೋಡೋಣ ಅಂತ ಊಟದ ಮೇಜಿನ ಮೇಲೆ ಸಿಂಬೆ ಇಟ್ಟು, ರೆಕ್ಕೆಗಳನ್ನು ಜೋಡಿಸಿ, ಉಳಿದ ಜಾಗಕ್ಕೆ ಬಿಡಿ ಹೂವು ಹರಡಿದೆ. ಬೆಳ್ಳಗೆ, ದುಂಡಗೆ, ತುಂಬಿಕೊಂಡು ಕಾಣಿಸಿತು. ನನಗೆ ಖುಷಿಯೋ ಖುಷಿ.

ಅಮ್ಮ ಬಂದು ನಿಂತರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಇದನ್ನ ನೋಡಿದ್ರೆ ಸತ್ತೋರ ಮೇಲೆ ಇಡೋ ಹಾಗಿದೆ ಕಣೆ" ಅಂದರು.

ಅದು ನಿಜ. ನಮ್ಮಲ್ಲಿ ಬಿಳಿ ಹೂವಿನ ತುಂಬು ಚಕ್ರ ಅಂದರೆ ಪುಷ್ಪಚಕ್ರ. ಅಂತಿಮ ದರ್ಶನಕ್ಕೆ ಇಡುವುದು, ಹುತಾತ್ಮರ ಸ್ಮಾರಕಕ್ಕೆ ಇಡುವುದು. ಬೇರೆ ಊರಿನ ಬಾಗಿಲಲ್ಲಿ ಅದು ಸ್ವಾಗತ, ನಮ್ಮ ಬಾಗಿಲಲ್ಲಿ ಬೇರೆ ಮಾತು. ಮನೆಗೆ ಬರುವ ಹಿರಿಯರ ಮನಸ್ಸಿಗೆ ಕಸಿವಿಸಿ ಆಗುವ ವಸ್ತು ಬಾಗಿಲಲ್ಲಿ ಇರಕೂಡದು. ಬಣ್ಣ ಬದಲಾಯಿಸಿದರೆ ಕಾಫಿ ಹೂವು ಹೋಗುತ್ತದೆ. ಹಾಗಾದರೆ ಬದಲಾಗಬೇಕಾದ್ದು ಆಕಾರ.

ಬಿಡಿ ಹೂವೆಲ್ಲ ತೆಗೆದೆ. ಸಿಂಬೆಯನ್ನು ಗಡಿಯಾರದ ಮುಖ ಅಂದುಕೊಳ್ಳಿ. ಎಂಟು ಗಂಟೆಯ ಜಾಗದಲ್ಲಿ ನಾಲ್ಕೂ ರೆಕ್ಕೆಗಳ ಬುಡ ಸೇರಿಸಿದೆ. ಎರಡು ಮೇಲಕ್ಕೆ ಹನ್ನೊಂದರವರೆಗೆ, ಎರಡು ಕೆಳಕ್ಕೆ ಐದರವರೆಗೆ. ಉಳಿದ ಅರ್ಧ ಬಳೆ ಬರೀ ನಾರಿನ ಹುರಿ. ಈಗ ಅದು ಚಕ್ರ ಅಲ್ಲ, ಸಿಂಬೆಗೆ ಒರಗಿದ ಕಾಫಿ ರೆಕ್ಕೆ. ಬುಡಗಳು ಸೇರುವ ಜಾಗ ಮುಚ್ಚಲು ನನ್ನ ಹಳೆಯ ಗೆಜ್ಜೆಯಿಂದ ಐದು ಮಣಿ ಬಿಚ್ಚಿ ಕೆಂಪು ದಾರದಲ್ಲಿ ಕಟ್ಟಿ ಇಳಿಬಿಟ್ಟೆ. ಅಮ್ಮ ಮತ್ತೆ ನೋಡಿದರು. "ಈಗ ಮನೆ ಬಾಗಿಲಿನದು" ಅಂದರು. ಆ ಖಾಲಿ ಅರ್ಧವೇ ಇಡೀ ಸಿಂಬೆಯಲ್ಲಿ ಅತ್ಯಂತ ಚೆಂದದ ಭಾಗ ಅಂತ ನನಗೂ ಅನ್ನಿಸಿತು. ಹುರಿ ಸುತ್ತಿದ ಕೈಕೆಲಸ ಕಾಣುತ್ತದೆ, ಹೂವಿಗೂ ಉಸಿರಾಡಲು ಜಾಗ.

ಸಿಕ್ಕಿಸಿದ್ದು, ತೂಗುಹಾಕಿದ್ದು

ಒಂದು ಹನಿ ಅಂಟೂ ಬಳಸಲಿಲ್ಲ. ರೆಕ್ಕೆಯ ಬಾಲದ ತಂತಿಯನ್ನು ಹುರಿಯ ಸುತ್ತುಗಳ ನಡುವೆ ಚುಚ್ಚಿ, ಫೋಮಿನ ಮೂಲಕ ಹಾಯಿಸಿ, ಹಿಂದೆ ಹೇರ್‌ಪಿನ್ನಿನ ಹಾಗೆ ಬಾಗಿಸಿ ಮತ್ತೆ ಫೋಮಿನೊಳಕ್ಕೇ ತಳ್ಳಿದೆ. ರೆಕ್ಕೆಯ ನಡುವೆ ಎರಡು ಕಡೆ ಸಣ್ಣ ತಂತಿಯ ಕಟ್ಟು. ಅಂಟಿಲ್ಲದ್ದರಿಂದ ಕಾಲ ಬದಲಾದಾಗ ಎಳೆದು ತೆಗೆದು ಬೇರೆಯದನ್ನು ಸಿಕ್ಕಿಸಬಹುದು. ಬುಡ ಒಂದೇ, ರೆಕ್ಕೆ ಮಾತ್ರ ಬೇರೆ ಬೇರೆ.

ಬಿಸಿಲಿಗೆ ಬಣ್ಣ ಹೋಗದ ಹಾಗೆ ಯುವಿ ತಡೆಯುವ ಪಾರದರ್ಶಕ ಸ್ಪ್ರೇ, 450 ರೂಪಾಯಿ. ಹೂವಿನದು ಬಿಟ್ಟರೆ ಇದೇ ಎಲ್ಲಕ್ಕಿಂತ ದೊಡ್ಡ ಖರ್ಚು. ಆದರೆ ಬಾಗಿಲು ಪಶ್ಚಿಮಕ್ಕಿದ್ದರೆ ಬಿಡಬೇಡಿ. ಮೊದಲು ಒಂದು ಬೇಡದ ಎಲೆಯ ಮೇಲೆ ಹೊಡೆದು ನೋಡಿ, ಕೆಲವು ಪ್ಲಾಸ್ಟಿಕ್ಕಿಗೆ ಸ್ಪ್ರೇ ಆಗಿಬರುವುದಿಲ್ಲ. ತಾರಸಿಯ ಮೇಲೆ, ಗಾಳಿಗೆ ಬೆನ್ನು ಮಾಡಿ, ಒಂದು ಅಡಿ ದೂರದಿಂದ ತೆಳ್ಳಗೆ ಮೂರು ಸಲ ಹೊಡೆದೆ. ನಡುವೆ ಇಪ್ಪತ್ತು ನಿಮಿಷ ಒಣಗಲು ಬಿಟ್ಟೆ. ಒಂದೇ ಸಲ ದಪ್ಪಗೆ ಹೊಡೆದರೆ ಹನಿ ಕಟ್ಟುತ್ತದೆ. ಮುಖಕ್ಕೆ ಮಾಸ್ಕ್ ಇರಲಿ.

ಹಿಂಬದಿಗೆ, ಬಾಗಿಲಿಗೆ ತಾಗುವ ಕಡೆ, ಹಳೆಯ ರೆಕ್ಸಿನ್ ಬ್ಯಾಗಿನಿಂದ ಕತ್ತರಿಸಿದ ನಾಲ್ಕು ತುಂಡು ಹೊಲಿದೆ. ಪಾಲಿಶ್ ಕೆರೆಯುವುದಿಲ್ಲ, ಗಾಳಿಗೆ ಟಕ್ ಟಕ್ ಸದ್ದೂ ಬರುವುದಿಲ್ಲ.

ಬಾಗಿಲಿಗೆ ಮೊಳೆ ಹೊಡೆಯಲು ಯಾರಿಗೂ ಮನಸ್ಸಿರಲಿಲ್ಲ. ಬಾಗಿಲ ತಲೆಯ ಮೇಲಿಂದ ಕೊಕ್ಕೆ ಹಾಕೋಣವೆಂದರೆ ಮಳೆಗಾಲದಲ್ಲಿ ಮರ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಕಬ್ಬಿಣದ ಪಟ್ಟಿ ಇದ್ದರೆ ಬಾಗಿಲೇ ಹಾಕಲಾಗದು. ಮೀನು ಹಿಡಿಯುವ ತಂಗೂಸಿ ದಾರ ಎರಡೆಳೆ ಮಾಡಿ ಬಾಗಿಲ ಮೇಲಿಂದ ಒಳಬದಿಗೆ ತಂದು, ಅಲ್ಲಿ ಮೊದಲೇ ಇದ್ದ ಚಿಲಕದ ಸ್ಕ್ರೂಗೆ ಕಟ್ಟಿದೆ. ದಾರ ಕಣ್ಣಿಗೆ ಕಾಣುವುದೇ ಇಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಸಿಂಬೆ 640 ಗ್ರಾಂ ತೂಗಿತು, ಆ ದಾರಕ್ಕೆ ಅದು ಏನೂ ಅಲ್ಲ. ಸಿಂಬೆಯ ನಡು ನೆಲದಿಂದ ಐದು ಅಡಿ ಎತ್ತರಕ್ಕೆ ಬರುವ ಹಾಗೆ ಕಟ್ಟಿದೆ, ನಿಂತವರ ಕಣ್ಣಿನ ಮಟ್ಟಕ್ಕೆ.

ಈಗ ಆ ಮುಖ್ಯ ಅಳತೆ. ಬಳೆ ಎರಡು ಇಂಚು, ಮೇಲೆ ಹೂವು ಮುಕ್ಕಾಲು ಇಂಚು. ಒಟ್ಟು ಎರಡೂಮುಕ್ಕಾಲು. ಜಾಗ ಮೂರೂಕಾಲು. ಜಾಲರಿ ಬಾಗಿಲನ್ನು ಮೆಲ್ಲಗೆ ಹಾಕಿದೆ. ಎಲ್ಲೂ ತಾಗಲಿಲ್ಲ. ಇನ್ನೊಮ್ಮೆ ತೆಗೆದು ಹಾಕಿದೆ. ಗೆಜ್ಜೆ ಒಂದು ಸಲ ಘಲ್ ಅಂತು, ಅಷ್ಟೇ.

ಎಲ್ಲ ಸೇರಿ ಖರ್ಚು 1550 ರೂಪಾಯಿ. ಜಿಐ ತಂತಿಯ 60 ರೂಪಾಯಿಯೂ ಇದರಲ್ಲಿ ಬಂತು. ಸಿದ್ಧ ಸಿಂಬೆ ಕೊಳ್ಳುವವರಿಗೆ ಇದು ಅಗ್ಗ ಅನ್ನಿಸಲಿಕ್ಕಿಲ್ಲ. ಆದರೆ ಬುಡ ಮತ್ತು ಸ್ಪ್ರೇ ಮುಂದಿನ ಕಾಲಕ್ಕೂ ಆಗುತ್ತವೆ.

ಯುಗಾದಿ ದಿನ

ಯುಗಾದಿ ಬೆಳಗ್ಗೆ ಬಾಗಿಲ ಮೇಲೆ ಮಾವಿನ ತೋರಣ ಕಟ್ಟಿದೆವು. ಅದು ಹಸಿ ಎಲೆಯದೇ. ಹೊಸ್ತಿಲಿಗೆ ಅರಿಶಿನ ಕುಂಕುಮ, ಅಲ್ಲಿಯೂ ಹಸಿ ಹೂವು. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ತೋರಣದ ಜಾಗಕ್ಕೆ, ದೇವರ ಜಾಗಕ್ಕೆ ಕೃತಕ ಹೂವು ಬೇಡ. ಹಬ್ಬದ ದಿನ ಬೀದಿಯಲ್ಲಿ ಮೊಳ ಹಾಕುವ ಹೂವಿನವರ ಹೂವು ಅಲ್ಲಿಗೆ ಹೋಗಬೇಕು. ನನ್ನ ಸಿಂಬೆ ಬಾಗಿಲ ನಡುವೆ ಇರಲಿ, ಕಾಫಿ ಹೂವನ್ನಂತೂ ಯಾರೂ ಮೊಳ ಹಾಕಿ ಮಾರುವುದಿಲ್ಲ.

ಮಧ್ಯಾಹ್ನ ಚಿಕ್ಕಮ್ಮ, ಚಿಕ್ಕಪ್ಪ ಬಂದರು. ಚಿಕ್ಕಪ್ಪ ಬಾಗಿಲ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಗಿಣ್ಣುಗಳನ್ನು ಬೆರಳಲ್ಲಿ ಎಣಿಸಿದರು. ಒಂದು ಗಿಣ್ಣಿನಲ್ಲಿ ಎಲೆ ಜೋಡಿ ಸ್ವಲ್ಪ ತಿರುಚಿಕೊಂಡು ಮಟ್ಟ ತಪ್ಪಿತ್ತು. ಅದನ್ನು ಮೆಲ್ಲಗೆ ತಿರುಗಿಸಿ ನೇರ ಮಾಡಿ, "ರೆಕ್ಕೇಲಿ ಎಲೆ ಹೀಗಿರುತ್ತೆ" ಅಂದರು. ಹೂವನ್ನು ಮೂಸಲು ಹೋಗಿ ನಿಲ್ಲಿಸಿದರು. ಪರಿಮಳ ಇಲ್ಲ. ಸೆಂಟ್ ಹೊಡೆಯಬಹುದಲ್ಲ ಅಂತ ಯಾರೋ ಹೇಳಿದರು. ನಾನು ಹೊಡೆಯಲಿಲ್ಲ, ಹೊಡೆಯುವುದೂ ಇಲ್ಲ. ಆ ಪರಿಮಳಕ್ಕೆ ಆಲ್ದೂರಿಗೇ ಹೋಗಬೇಕು.

ಆರು ವಾರದ ಮೇಲೆ

ಏಪ್ರಿಲ್ ಬಿಸಿಲು ಪೂರ್ತಿ ಕಳೆದ ಮೇಲೆ ಇಳಿಸಿ ನೋಡಿದೆ. ಬಿಳಿ ಬಿಳಿಯಾಗೇ ಇದೆ. ಹಿಂದೆ ತುಕ್ಕಿನ ಗೆರೆ ಇಲ್ಲ. ಮೇಲಿನ ರೆಕ್ಕೆಯ ಒಂದು ಗೊಂಚಲಿನಲ್ಲಿ ಟೇಪ್ ಸಡಿಲವಾಗಿತ್ತು, ಅಲ್ಲಿ ನಾನು ಸರಿಯಾಗಿ ಎಳೆದಿರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದೆ. ರಸ್ತೆಯ ದೂಳು ಮಾತ್ರ ಕೂತಿತ್ತು. ರೆಕ್ಕೆಗಳನ್ನು ಎಳೆದು ತೆಗೆದು, ಒಂದು ಚೀಲದಲ್ಲಿ ಎರಡು ಹಿಡಿ ಪುಡಿ ಉಪ್ಪಿನ ಜೊತೆ ಹಾಕಿ, ಬಾಯಿ ಕಟ್ಟಿ ಒಂದು ನಿಮಿಷ ಮೆಲ್ಲಗೆ ಕುಲುಕಿದೆ. ಉಪ್ಪು ದೂಳನ್ನು ಎಳೆದುಕೊಂಡು ಬೂದಿ ಬಣ್ಣವಾಯಿತು. ಕೊಡವಿ, ಉಪ್ಪು ಒಂದಿಷ್ಟೂ ಉಳಿಯದ ಹಾಗೆ ಬ್ರಷ್ ಮಾಡಿದೆ. ಉಳಿದರೆ ಮಳೆಗಾಲದ ತೇವ ಎಳೆದು ತಂತಿಗೆ ತುಕ್ಕು ತರಿಸುತ್ತದೆ.

ಕಾಫಿ ರೆಕ್ಕೆಗಳನ್ನು ಈಗ ಹಳೆಯ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಡಬ್ಬದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಖಾಲಿ ಸಿಂಬೆ ಬಾಗಿಲಲ್ಲೇ ಇದೆ. ಮೇಜಿನ ಮೇಲೆ ಸೀತಾಳೆ ದಂಡೆಗೆ ತಿಳಿಗುಲಾಬಿ ಬಟ್ಟೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದು ರೆಕ್ಕೆಯಂತೆ ಒರಗುವುದಿಲ್ಲ, ಇಳಿಬಿದ್ದಿರುತ್ತದೆ. ಅದನ್ನು ಯಾವ ಗಂಟೆಯ ಜಾಗದಿಂದ ಇಳಿಬಿಡುವುದು ಅಂತ ಅಮ್ಮನೂ ನಾನೂ ಇನ್ನೂ ಸಿಂಬೆಯ ಮೇಲೆ ದಾರ ಹಿಡಿದು ನೋಡುತ್ತಿದ್ದೇವೆ.